ಕಳುಹಿಸಿದವನೂ ನುಡಿದವನೇ

ಜೋಳಿಗೆ ಹಿಡಿದು ಬಂದವನನ್ನು ಕುಲ ಕೇಳದೆ, ಊರು ಕೇಳದೆ, ಮೊದಲು ನೀರು ಕೊಟ್ಟು ಕೂಡಿಸುವುದು ಘಟಪ್ರಭೆಯ ದಂಡೆಯ ನಮ್ಮ ಊರುಗಳ ನಡಾವಳಿ. ಸುಗ್ಗಿ ಮುಗಿಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳ್ಳಿಗಳಿಗೆ ಬುಡಬುಡಿಕೆಯವರು ಬರುತ್ತಿದ್ದರು, ಗೊಂದಲಿಗರು ಬರುತ್ತಿದ್ದರು. ಹೆಳವರು ಎತ್ತಿನೊಡನೆ ಬಂದು ಮನೆತನದ ಏಳು ತಲೆಯ ಹೆಸರು ಹೇಳುತ್ತಿದ್ದರು. ನಮ್ಮ ತಾಯಂದಿರು ಮೊರದಲ್ಲಿ ಜೋಳ ತಂದು ಹಾಕಿ ಕೈಮುಗಿಯುತ್ತಿದ್ದರು. ಬಂದವನು ಯಾರೆಂಬ ಅನುಮಾನ ಯಾರಿಗೂ ಬರುತ್ತಿರಲಿಲ್ಲ. ಬಂದವನು ಹಸಿದಿದ್ದಾನೆ ಎಂಬುದಷ್ಟೇ ಗೊತ್ತಿರುತ್ತಿತ್ತು.

ಅಂಥ ಜೋಳಿಗೆಯವರು ಐವರು ೨೦೧೮ರ ಜುಲೈ ೧ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬ ಹಳ್ಳಿಯಲ್ಲಿ ಇಳಿದರು. ಅಂದು ವಾರದ ಸಂತೆ. ಅವರಲ್ಲೊಬ್ಬ ಒಂದು ಸಣ್ಣ ಮಗುವನ್ನು ಮಾತನಾಡಿಸಿದನಂತೆ. ಅಷ್ಟೇ ಆದದ್ದು. ಆ ಭಾಗದ ಮೊಬೈಲುಗಳಲ್ಲಿ ‘ಮಕ್ಕಳ ಕಳ್ಳರ ತಂಡ ಬಂದಿದೆ’ ಎಂಬ ಸುದ್ದಿ ಅದಾಗಲೇ ಓಡಾಡುತ್ತಿತ್ತು. ಸಂತೆಗೆ ನೆರೆದ ಜನ ಅವರನ್ನು ಗ್ರಾಮ ಪಂಚಾಯಿತಿಯ ಕೋಣೆಗೆ ಎಳೆದೊಯ್ದು, ಜೀವ ಹೋಗುವವರೆಗೆ ಬಡಿದರು. ಸತ್ತವರು ನಾಥಪಂಥಿ ಡವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯದವರು. ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನವರು. ಮಂಗಳವೇಢೆ ಯಾವ ನೆಲವೆಂದು ನಮ್ಮ ಭಕ್ತರಿಗೆ ಹೇಳಬೇಕಾಗಿಲ್ಲ. ಕಲ್ಯಾಣಕ್ಕೆ ಹೋಗುವ ಮುನ್ನ ಬಸವಣ್ಣನವರು ಬಿಜ್ಜಳನ ಲೆಕ್ಕಪತ್ರ ನೋಡಿಕೊಂಡಿದ್ದ ನೆಲವದು. ಆ ನೆಲದಿಂದ ಹೊರಟ ಭಿಕ್ಷುಕರಿಗೆ ಒಂದು ತುತ್ತು ಅನ್ನದ ಬದಲು ಸಿಕ್ಕಿದ್ದು ಬಡಿಗೆಯ ಪೆಟ್ಟು.

ಎರಡು ವಾರ ತುಂಬಿರಲಿಲ್ಲ. ಜುಲೈ ೧೩ರಂದು ನಮ್ಮದೇ ರಾಜ್ಯದ ಬೀದರ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಗೆಳೆಯರೊಡನೆ ಬಂದಿದ್ದ ಒಬ್ಬ ತರುಣ ಇಂಜಿನಿಯರ್ ಇದೇ ರೀತಿ ಸತ್ತ. ಅವರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು. ನೋಡಿದವರಿಗೆ ಅನುಮಾನ ಬಂತು. ಕಾರು ಹೊರಟಾಗ ‘ಕಳ್ಳರು ಬರುತ್ತಿದ್ದಾರೆ, ತಡೆಯಿರಿ’ ಎಂಬ ಸುದ್ದಿ ವಾಟ್ಸಾಪಿನಲ್ಲಿ ಅವರಿಗಿಂತ ಮೊದಲೇ ಮುರ್ಕಿ ಗ್ರಾಮ ಮುಟ್ಟಿತು. ಅಲ್ಲಿ ದಾರಿಗೆ ಅಡ್ಡಗಟ್ಟಿ ಕಾದಿದ್ದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಅದಕ್ಕೂ ಮೊದಲು, ಮೇ ತಿಂಗಳಲ್ಲಿ, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹೊಟ್ಟೆಪಾಡಿಗೆ ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಕೈಕಾಲು ಕಟ್ಟಿ ಕೊಂದಿದ್ದರು. ಎಲ್ಲ ಕಡೆಯೂ ಒಂದೇ ಆಪಾದನೆ, ಎಲ್ಲ ಕಡೆಯೂ ಸುಳ್ಳು.

ಆ ವರ್ಷ ದೇಶದ ತುಂಬ ಹರಿದಾಡಿದ ಒಂದು ವಿಡಿಯೋ ಇತ್ತು. ಬೈಕಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದ ತಾಯಿಯ ಕರುಳು ಹಿಂಡುತ್ತದೆ. ಅದು ನಿಜವಾಗಿ ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಮೇಲೆ ಕಣ್ಣಿಡಿರೆಂದು ತಂದೆತಾಯಿಗಳನ್ನು ಎಚ್ಚರಿಸಲು ಮಾಡಿದ ಚಿತ್ರ. ಪೂರ್ತಿ ಚಿತ್ರದಲ್ಲಿ ಅದೇ ಬೈಕಿನವರು ತಿರುಗಿ ಬಂದು ಮಗುವನ್ನು ಇಳಿಸಿ, ಒಂದು ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಹಾಕಿದರು. ಮಗುವನ್ನು ಕಾಯಲು ಮಾಡಿದ ಚಿತ್ರ ಮನುಷ್ಯರನ್ನು ಕೊಲ್ಲುವ ಆಯುಧವಾಯಿತು. ಕತ್ತರಿಸಿದವನು ಒಬ್ಬನೇ ಇದ್ದಾನು. ಅದನ್ನು ಊರೂರಿಗೆ ಮುಟ್ಟಿಸಿದವರು ಲಕ್ಷ ಜನ. ಅವರಲ್ಲಿ ಒಬ್ಬನೂ ತಾನು ಕೊಲೆಗಾರನೆಂದು ತಿಳಿದಿರಲಾರ. ‘ನಾನೇನು ಹೇಳಿಲ್ಲ, ಬಂದದ್ದನ್ನು ಕಳಿಸಿದೆ’ ಎನ್ನುತ್ತಾನೆ. ಶರಣರು ನುಡಿಗೂ ನಡೆಗೂ ನಡುವೆ ಗೆರೆ ಎಳೆಯಲಿಲ್ಲ. ಬೆರಳಿನಿಂದ ಒತ್ತಿ ಕಳುಹಿಸಿದ್ದು ಕೈಯ ಕೆಲಸವೇ ಅಲ್ಲವೇ? ಕಳುಹಿಸಿದವನೂ ನುಡಿದವನೇ.

೨೦೧೮ರ ಈ ಸುದ್ದಿಯನ್ನು ಈಗೇಕೆ ಎತ್ತಿದೆವು ಎಂದು ಕೇಳಬಹುದು. ಮೂಡಲಗಿ ಕಡೆಯ, ಪಿಯುಸಿ ಎರಡನೆಯ ವರ್ಷ ಓದುವ ಒಬ್ಬ ವಿದ್ಯಾರ್ಥಿ ನಮ್ಮ ಶಿವಾನುಭವ ಗೋಷ್ಠಿಗೆ ಎರಡು ಪುಟ ಬರೆದುಕೊಂಡು ಬಂದಿದ್ದ. ದಿನದ ಸುದ್ದಿಯ ಬಗ್ಗೆ ತನ್ನ ವಿಚಾರಗಳನ್ನೆಲ್ಲ ಬರೆದಿದ್ದ. ರಾಯಿನ್‌ಪಾಡಾದ ಸಂಗತಿಯನ್ನು ನಮಗೆ ನೆನಪಿಸಿದವನೂ ಅವನೇ. ಓದಿ ಮುಗಿಸಿ ಕಾಗದ ಮಡಿಚಿಕೊಂಡು, ಬರೆದಿರದ ಒಂದು ಮಾತನ್ನು ತಗ್ಗಿದ ದನಿಯಲ್ಲಿ ಕೇಳಿದ: “ಅಜ್ಜಾರ, ನಮ್ಮ ದೊಡ್ಡಪ್ಪಾರು ಮನೀ ಗ್ರೂಪಿಗೆ ದಿನಾ ಇಂಥಾವ ಹಾಕ್ತಾರ್ರಿ. ಸುಳ್ಳ ಐತ್ರಿ ಅಂದ್ರ, ನಾಕ ಅಕ್ಷರ ಕಲ್ತ ಹಿರ್ಯಾರಿಗೆ ಬುದ್ಧಿ ಹೇಳಾಕ ಬಂದಿ ಏನ ಅಂತಾರ್ರಿ. ಸುಮ್ನ ಕುಂತ್ರ ಸುಳ್ಳಿಗೆ ಹೂಂ ಅಂದಂಗ ಆಗತೈತ್ರಿ. ನಾ ಏನ ಮಾಡ್ಲ್ರಿ?”

ಸಭೆಯಲ್ಲಿ ಕೆಲವರು ನಕ್ಕರು. ನಗುವ ಪ್ರಶ್ನೆಯಲ್ಲ ಅದು. ಹಿರಿಯರ ಎದುರು ಮಾತಾಡಬೇಡ ಎಂದು ನಾವೇ ಕಲಿಸುತ್ತೇವೆ, ಸುಳ್ಳಾಡಬೇಡ ಎಂದೂ ನಾವೇ ಕಲಿಸುತ್ತೇವೆ. ಎರಡನ್ನೂ ನಂಬಿದ ಹುಡುಗ ಎರಡರ ನಡುವೆ ಸಿಕ್ಕಿಬಿದ್ದಿದ್ದಾನೆ.

‘ಗೌರವ’ ಎಂಬ ಶಬ್ದದ ಮೂಲ ‘ಗುರು’. ಅದರ ಮೊದಲ ಅರ್ಥ ಭಾರ, ತೂಕ. ಗೌರವ ಕೊಡುವುದೆಂದರೆ ಒಬ್ಬನಿಗೆ ತೂಕವಿದೆ ಎಂದು ಒಪ್ಪುವುದು. ಹಿರಿಯನು ತೂಕವಿಲ್ಲದ ಮಾತನ್ನು ಊರಿಗೆಲ್ಲ ಹಂಚಿದರೆ ಇಳಿಯುವುದು ಅವನ ತೂಕವೇ. ಅದನ್ನು ತಡೆದ ಹುಡುಗ ದೊಡ್ಡಪ್ಪನ ಗೌರವ ಕಾಯ್ದನೇ ಹೊರತು ಕಳೆಯಲಿಲ್ಲ. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದವರು, ಗುಡಿ ಕಟ್ಟಿಸಿದವರು, ಸಾವಿರಾರು ಶಿಷ್ಯರನ್ನು ಬೆನ್ನ ಹಿಂದೆ ಇಟ್ಟುಕೊಂಡವರು. ಕಲ್ಯಾಣಕ್ಕೆ ಬಂದಾಗ ಅವರು ಲಿಂಗದೀಕ್ಷೆ ಪಡೆದದ್ದು ವಯಸ್ಸಿನಲ್ಲಿ ತಮಗಿಂತ ಚಿಕ್ಕವರಾದ ಚೆನ್ನಬಸವಣ್ಣನವರಿಂದ ಎಂದು ಶೂನ್ಯಸಂಪಾದನೆ ಹೇಳುತ್ತದೆ. ಅಲ್ಲಿ ಯಾರೂ ‘ನಿನ್ನೆ ಹುಟ್ಟಿದವ’ ಎನ್ನಲಿಲ್ಲ. ತಿಳಿದವನ ಮುಂದೆ ತಲೆಬಾಗಿದ್ದರಿಂದ ಸಿದ್ಧರಾಮರ ಹಿರಿತನ ಎಳ್ಳಷ್ಟೂ ಕುಂದಲಿಲ್ಲ.

ಆದರೆ ಹುಡುಗನಿಗೂ ಒಂದು ಮಾತು ಹೇಳಿದೆವು. ಗ್ರೂಪಿನಲ್ಲಿ, ಹತ್ತು ಮಂದಿ ಸೊಸೆಯಂದಿರು ಅಳಿಯಂದಿರು ನೋಡುತ್ತಿರುವಾಗ, ‘ಇದು ಸುಳ್ಳು’ ಎಂದು ಬರೆದು ಮೇಲೊಂದು ನಗುವ ಮುಖದ ಚಿತ್ರ ಅಂಟಿಸಿದರೆ ದೊಡ್ಡಪ್ಪನಿಗೆ ಸಿಟ್ಟು ಬಾರದೆ ಇರುತ್ತದೆಯೇ? ಸಂಜೆ ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕುಳಿತು, ಅವರ ಮೊಬೈಲಿನಲ್ಲೇ ತೋರಿಸು. ಸಂದೇಶದ ತಲೆಯ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಹಲವಾರು ಕೈ ದಾಟಿ ಬಂದದ್ದು, ಬರೆದವನು ಯಾರೆಂದು ಕಳಿಸಿದವನಿಗೂ ಗೊತ್ತಿಲ್ಲ ಎಂದು ವಿವರಿಸು. ೨೦೧೮ರ ಆ ಕೊಲೆಗಳ ನಂತರವೇ ವಾಟ್ಸಾಪ್ ಕಂಪನಿಯು ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆಗೆ ಫಾರ್ವರ್ಡ್ ಮಾಡದಂತೆ ಮಿತಿ ಹಾಕಿದ್ದು. ಕಂಪನಿ ಮಿತಿ ಹಾಕಬಲ್ಲದು, ವಿವೇಕ ಹಾಕಲಾರದು.

ಬಂದದ್ದನ್ನು ನಂಬುವ ಮುನ್ನ ಪರೀಕ್ಷಿಸುವುದು ಹೊಸ ಕಾಲದ ವಿದ್ಯೆಯೇನಲ್ಲ. ಫ.ಗು. ಹಳಕಟ್ಟಿಯವರು ವಚನಗಳ ತಾಡೋಲೆಗಳನ್ನು ಹುಡುಕುತ್ತ ಮನೆ ಮನೆ, ಮಠ ಮಠ ಅಲೆದವರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ೧೯೨೩ರಲ್ಲಿ ನಮ್ಮ ಬೆಳಗಾವಿಯಲ್ಲೇ ಅಚ್ಚಾಯಿತು. ಓಲೆ ಬರೆದವನು ಒಂದು ಅಕ್ಷರ ಬಿಟ್ಟಿರಬಹುದು, ಒಂದು ಸಾಲು ತಾನೇ ಸೇರಿಸಿರಬಹುದು. ಆದ್ದರಿಂದ ನಮ್ಮ ವಿದ್ವಾಂಸರು ಒಂದು ಪ್ರತಿಯನ್ನು ನಂಬದೆ ನಾಲ್ಕು ಪ್ರತಿ ಎದುರಿಟ್ಟುಕೊಂಡು ಪಾಠಭೇದ ನೋಡಿ, ಆಮೇಲೆ ಮುದ್ರಣಕ್ಕೆ ಕೊಡುವ ಶಿಸ್ತು ಬೆಳೆಸಿದರು. ಒಂದು ಶಬ್ದಕ್ಕಾಗಿ ತಿಂಗಳುಗಟ್ಟಲೆ ತಡೆದವರಿದ್ದಾರೆ. ಇಂದು ಅಂಕಿತವೊಂದನ್ನು ಹಚ್ಚಿ ಯಾವನೋ ನಿನ್ನೆ ಬರೆದದ್ದನ್ನು ವಚನವೆಂದು ಬೆಳಗಿನ ಶುಭಾಶಯದ ಜೊತೆ ಕಳಿಸುತ್ತಾರೆ. ನಮ್ಮ ಭಾವಚಿತ್ರದ ಕೆಳಗೆ ನಾವು ಎಂದೂ ಆಡದ ನುಡಿಮುತ್ತುಗಳನ್ನು ಭಕ್ತರೇ ನಮಗೆ ತಂದು ತೋರಿಸಿದ್ದುಂಟು. ಕೆಲವು ಚೆನ್ನಾಗಿಯೂ ಇದ್ದವು, ಆದರೂ ನಮ್ಮವಲ್ಲ.

ಮೊಬೈಲನ್ನು ಹೊಳೆಗೆ ಬಿಸಾಡಿರಿ ಎಂದು ನಾವು ಹೇಳುವವರಲ್ಲ. ೨೦೧೯ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ ಪಟ್ಟಣದೊಳಗೆ ನುಗ್ಗಿ, ಲೋಳಸೂರ ಸೇತುವೆ ಮುಳುಗಿದಾಗ ದೂರದ ಮಕ್ಕಳಿಗೆ ತಂದೆತಾಯಿ ಬದುಕಿದ್ದಾರೆಂಬ ಸುದ್ದಿ ಮುಟ್ಟಿಸಿದ್ದು ಅದೇ ಮೊಬೈಲು. ಆದರೆ ಅಂಥ ಒಂದು ರಾತ್ರಿ, ಹೊಳೆ ಏರುತ್ತಿರುವಾಗ, ಯಾವನೋ ‘ಹಿಡಕಲ್ ಡ್ಯಾಮು ಒಡೆಯಿತು’ ಎಂದು ಬರೆದನೆಂದು ತಿಳಿಯಿರಿ. ಕತ್ತಲೆಯಲ್ಲಿ ಮುದುಕರು, ಬಾಣಂತಿಯರು, ದನಕರು ಯಾವ ದಿಕ್ಕಿಗೆ ಓಡಬೇಕು?

ಇನ್ನು ನಮ್ಮ ಜಿಲ್ಲೆಯದೇ ಮತ್ತೊಂದು ನೋವಿನ ಸಂಗತಿ. ೨೦೨೫ರ ಮಾರ್ಚಿನಲ್ಲಿ ಖಾನಾಪುರ ತಾಲೂಕಿನ ಬೀಡಿ ಗ್ರಾಮದಲ್ಲಿ ವೃದ್ಧ ದಂಪತಿ ಪ್ರಾಣ ಕಳೆದುಕೊಂಡರು. ಅಧಿಕಾರಿಗಳೆಂದು ಹೇಳಿಕೊಂಡು ಫೋನು ಮಾಡಿದ ವಂಚಕರು ‘ನಿಮ್ಮ ಮೇಲೆ ಅಪರಾಧದ ಕೇಸಿದೆ’ ಎಂದು ಹೆದರಿಸಿ ಐವತ್ತು ಲಕ್ಷದಷ್ಟು ಹಣ ಸುಲಿದಿದ್ದರು. ಇದಕ್ಕೆ ಡಿಜಿಟಲ್ ಅರೆಸ್ಟ್ ಎಂಬ ಹೆಸರು ಕಟ್ಟಿದ್ದಾರೆ. ಫೋನಿನಲ್ಲಿ ಬಂಧಿಸುವ ಯಾವ ಕಾನೂನೂ ಈ ದೇಶದಲ್ಲಿಲ್ಲ. ಯಾವ ಪೊಲೀಸನೂ, ಯಾವ ನ್ಯಾಯಾಧೀಶನೂ ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡು ಹಣ ಕೇಳುವುದಿಲ್ಲ. ಈ ವಂಚಕರ ಮೊದಲ ಆಜ್ಞೆ ಒಂದೇ: ಯಾರಿಗೂ ಹೇಳಬೇಡ. ಮರ್ಯಾದಸ್ಥರಿಗೆ ಆ ಆಜ್ಞೆ ಬಹಳ ಬೇಗ ನಾಟುತ್ತದೆ. ಬಾಳಿನಲ್ಲಿ ಒಂದು ಕಳಂಕವಿಲ್ಲದವರು ಮಾನಕ್ಕೆ ಅಂಜಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಇಂಥ ಕರೆ ಬಂದರೆ ಫೋನು ಕೆಳಗಿಟ್ಟು ಮಗನನ್ನು, ಮೊಮ್ಮಗಳನ್ನು, ಅವರಿಲ್ಲದಿದ್ದರೆ ಪಕ್ಕದ ಮನೆಯ ಕಾಲೇಜು ಹುಡುಗನನ್ನು ಕೂಗಿರಿ. ಹಣ ಹೋಗಿದ್ದರೆ ತಡಮಾಡದೆ ೧೯೩೦ ಎಂಬ ಸಂಖ್ಯೆಗೆ ಕರೆ ಮಾಡಿರಿ. ಬೇಗ ತಿಳಿಸಿದಷ್ಟೂ ಬ್ಯಾಂಕಿನಲ್ಲಿ ಆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಚಿಕ್ಕವರು ಮಾತಾಡಬಾರದೆಂಬ ಮನೆಯಲ್ಲಿ ದೊಡ್ಡವರು ಕೇಳುವುದನ್ನೂ ಮರೆತುಬಿಡುತ್ತಾರೆ. ಬೇಲಿ ಎರಡೂ ಕಡೆಗೆ ಚುಚ್ಚುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮೌನ ಇನ್ನೂ ಕ್ರೂರ. ಹಳ್ಳಿಯಿಂದ ಬಸ್ಸು ಹತ್ತಿ ಗೋಕಾಕಕ್ಕೋ ಸಂಕೇಶ್ವರಕ್ಕೋ ಕಾಲೇಜಿಗೆ ಹೋಗುವ ಹುಡುಗಿಯ ಫೋಟೋವನ್ನು ಯಾವನೋ ಕದ್ದು, ಕಂಪ್ಯೂಟರಿನಲ್ಲಿ ಕೆಡಿಸಿ, ‘ಊರಿಗೆಲ್ಲ ಕಳಿಸುತ್ತೇನೆ’ ಎಂದು ಬೆದರಿಸಿದರೆ ಅವಳು ಯಾರಿಗೆ ಹೇಳಬೇಕು? ಮನೆಯಲ್ಲಿ ಹೇಳಿದರೆ ಮೊದಲು ಹೋಗುವುದು ಅವಳ ಮೊಬೈಲು, ಆಮೇಲೆ ಕಾಲೇಜು, ಆಮೇಲೆ ಬರುವ ಲಗ್ನಸರಾಯಿಯಲ್ಲಿ ಸಿಕ್ಕ ವರನ ಜೊತೆ ಅಕ್ಷತೆ. ತಪ್ಪು ಮಾಡಿದವನು ಊರಲ್ಲಿ ಮೀಸೆ ತಿರುವುತ್ತಾನೆ. ತಪ್ಪೇ ಮಾಡದವಳ ಪುಸ್ತಕ ಅಟ್ಟ ಸೇರುತ್ತದೆ. ಇದು ಗೊತ್ತಿರುವುದರಿಂದಲೇ ಅವಳು ಹೇಳುವುದಿಲ್ಲ, ಅವಳು ಹೇಳುವುದಿಲ್ಲವೆಂದು ಗೊತ್ತಿರುವುದರಿಂದಲೇ ಅವನು ಬೆದರಿಸುತ್ತಾನೆ. ಹದಿನೆಂಟು ತುಂಬದ ಮಕ್ಕಳ ರಕ್ಷಣೆಗೆ ೨೦೧೨ರ ಪೋಕ್ಸೊ ಕಾಯ್ದೆ ಇದೆ, ಮಕ್ಕಳ ಸಹಾಯವಾಣಿ ೧೦೯೮ ಇದೆ. ಅಂಥ ಚಿತ್ರವನ್ನು ಮಾಡಿದವನಷ್ಟೇ ಅಲ್ಲ, ಹಂಚಿದವನೂ ಅಪರಾಧಿಯೇ. ಆದರೆ ಠಾಣೆಯ ಮೆಟ್ಟಿಲಿಗಿಂತ ಮೊದಲು ಸಿಗುವುದು ಮನೆಯ ಹೊಸ್ತಿಲು. ‘ಏನೇ ಆದರೂ ನನಗೆ ಹೇಳವ್ವಾ, ನಿನ್ನ ಓದು ಬಿಡಿಸುವುದಿಲ್ಲ’ ಎಂದು ಮಗಳಿಗೆ ಮೊದಲೇ ಮಾತು ಕೊಟ್ಟ ತಂದೆ ಯಾವ ಪೊಲೀಸನಿಗಿಂತಲೂ ದೊಡ್ಡ ಕಾವಲು. ಅಂಥ ಚಿತ್ರ ತಮ್ಮ ಮೊಬೈಲಿಗೆ ಬಂದಾಗ ನೋಡಿ ನಕ್ಕು ಮತ್ತೊಬ್ಬನಿಗೆ ಸಾಗಿಸುವ ತರುಣರಿಗೆ ನಾವು ಹೇಳುವುದು ಕಡಿಮೆ. ನಿಮ್ಮ ಮನೆಯಲ್ಲೂ ಅಕ್ಕತಂಗಿಯರಿದ್ದಾರೆಂದು ಎಲ್ಲರೂ ಹೇಳುತ್ತಾರೆ. ಅಕ್ಕತಂಗಿ ಇಲ್ಲದಿದ್ದರೂ ಅದು ಪಾಪವೇ.

ಮಾತಾಡಲು ಅಂಜುವವರಿಗಾಗಿ ಇನ್ನೊಂದು ಪ್ರಸಂಗ. ೨೦೧೨ರ ನವೆಂಬರಿನಲ್ಲಿ, ರಾಜಕೀಯ ನಾಯಕರೊಬ್ಬರು ತೀರಿಕೊಂಡಾಗ ಮುಂಬಯಿ ಬಂದ್ ಆದದ್ದನ್ನು ಪ್ರಶ್ನಿಸಿ ಪಾಲ್ಘರದ ಒಬ್ಬ ಹುಡುಗಿ ಫೇಸ್‌ಬುಕ್ಕಿನಲ್ಲಿ ಬರೆದಳು; ಇನ್ನೊಬ್ಬಳು ಅದನ್ನು ಮೆಚ್ಚಿದಳು. ಇಬ್ಬರನ್ನೂ ಬಂಧಿಸಿದರು. ಇದು ಸರಿಯಲ್ಲವೆಂದು ಸುಪ್ರೀಂ ಕೋರ್ಟಿಗೆ ಹೋದವಳು ಶ್ರೇಯಾ ಸಿಂಘಾಲ್ ಎಂಬ ಇನ್ನೂ ಎಳೆಯ ವಯಸ್ಸಿನ ತರುಣಿ. ವಕೀಲಿಕೆ ಮುಗಿಸಿದವಳೂ ಅಲ್ಲ. ೨೦೧೫ರ ಮಾರ್ಚ್ ೨೪ರಂದು ನ್ಯಾಯಾಲಯವು ಮಾಹಿತಿ ತಂತ್ರಜ್ಞಾನ ಕಾಯ್ದೆಯ ೬೬ಎ ಕಲಮನ್ನೇ ರದ್ದುಪಡಿಸಿತು. ಮರ್ಯಾದೆಯಿಂದ ಕೇಳಿದ ಪ್ರಶ್ನೆ ಅವಿಧೇಯತೆಯಲ್ಲವೆಂದು ಮಕ್ಕಳಿಗೆ ಹೇಳಲು ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಿಲ್ಲ. ಆ ಕಲಮು ಹೋಯಿತೆಂದು ಬಾಯಿಗೆ ಬಂದಂತೆ ಬಯ್ಯಬಹುದೆಂದು ತಿಳಿದವರೂ ಇದ್ದಾರೆ. ಹೆಸರು ಮುಚ್ಚಿಕೊಂಡು, ಎದುರಿಗೆ ನಿಂತು ಆಡಲಾರದ ಮಾತನ್ನು ಬರೆಯುವವನು ಧೈರ್ಯವಂತನಲ್ಲ.

ಮೂಡಲಗಿಯ ಆ ವಿದ್ಯಾರ್ಥಿ ಹೋಗುವಾಗ ಕೇಳಿದ, “ಅಜ್ಜಾರ, ದೊಡ್ಡಪ್ಪಾರನ್ನ ಮಠಕ್ಕ ಕರ್ಕೊಂಡ ಬರ್ಲ್ರಿ?” ನಾವು ಆಗಲಿ ಎಂದೆವು. ಅವರೊಬ್ಬರೇ ಬಂದರೆ ಸಂಕೋಚವಾದೀತು. ಆದ್ದರಿಂದ ಬರುವ ಅಮಾವಾಸ್ಯೆಯ ದಿನ ಪ್ರಸಾದದ ನಂತರ, ಪ್ರಸಾದ ನಿಲಯದ ವಿದ್ಯಾರ್ಥಿಗಳು ಹಿರಿಯರ ಪಕ್ಕದಲ್ಲಿ ಒಬ್ಬೊಬ್ಬರಾಗಿ ಕುಳಿತು, ಸುದ್ದಿಯ ಮೂಲ ಹುಡುಕುವುದು ಹೇಗೆ, ಹಣ ಕೇಳುವ ಕರೆಯನ್ನು ಗುರುತಿಸುವುದು ಹೇಗೆ ಎಂದು ತೋರಿಸುವ ಏರ್ಪಾಡು ಮಾಡಿದ್ದೇವೆ. ಗೋಕಾಕ, ಹುಕ್ಕೇರಿ ಕಡೆಯವರೂ ಬರಬಹುದು. ಮೊಬೈಲು ಚಾರ್ಜು ಮಾಡಿಕೊಂಡು ಬನ್ನಿ. ಹಿರಿಯರು ಕನ್ನಡಕ ಮರೆಯಬೇಡಿ.