ಹಸಿ ಜೋಳದ ಲೆಕ್ಕ: ಮಳೆ ಕಸಿದದ್ದೆಷ್ಟು, ಮೀಟರ್ ಕಸಿದದ್ದೆಷ್ಟು?

ಕಟಾವಿನ ಹೊತ್ತಿಗೆ ಮಳೆ ಹಿಡಿದರೆ ರೈತನಿಗೆ ಎರಡು ಸಲ ನಷ್ಟ. ಒಂದು ಹೊಲದಲ್ಲಿ, ಇನ್ನೊಂದು ತೂಕದ ಹೊತ್ತಿನಲ್ಲಿ. ಮೊದಲನೆಯದನ್ನು ಮಳೆರಾಯನ ಲೆಕ್ಕಕ್ಕೆ ಬರೆಯೋಣ. ಎರಡನೆಯದನ್ನೂ ಅವನ ತಲೆಗೇ ಕಟ್ಟುತ್ತಾರಲ್ಲ, ಅದಕ್ಕೇ ನಮ್ಮ ತಕರಾರು.

ಹಾವೇರಿ, ಗದಗ, ದಾವಣಗೆರೆ ಕಡೆ ಗೋವಿನಜೋಳ ಬೆಳೆದ ಯಾರನ್ನಾದರೂ ಕೇಳಿ. ಟ್ರೇಲರ್ ನಿಂತ ಕೂಡಲೇ ಖರೀದಿದಾರ ಒಂದು ಮುಷ್ಟಿ ಕಾಳು ತೆಗೆದು ಮೀಟರಿಗೆ ಹಾಕುತ್ತಾನೆ. "ಇಪ್ಪತ್ತು ಐತಿ, ಹಸಿ ಮಾಲು" ಅನ್ನುತ್ತಾನೆ. ಕ್ವಿಂಟಲಿಗೆ ಇಷ್ಟು ಕೆ.ಜಿ. ಕಡಿತ ಅಂತ ಅವನೇ ಹೇಳುತ್ತಾನೆ, ಮೇಲೆ ದರವನ್ನೂ ಇಳಿಸುತ್ತಾನೆ. ಮೀಟರ್ ಅವನದು, ಓದುವವನು ಅವನು, ತೀರ್ಪೂ ಅವನದೇ. ತೂಕದ ಯಂತ್ರಕ್ಕಾದರೆ ಸರ್ಕಾರದ ಮುದ್ರೆ ಬೇಕು. ತೇವಾಂಶದ ಮೀಟರ್ ಸರಿಯಿದೆಯೋ ಇಲ್ಲವೋ ಅಂತ ರೈತ ಕೇಳಿದರೆ, "ಬ್ಯಾಡಾದ್ರ ಬ್ಯಾರೆ ಕಡೆ ಒಯ್ಯಿ" ಅನ್ನುವ ಉತ್ತರ.

ಹಾಗಾದರೆ ನ್ಯಾಯವಾದ ಕಡಿತ ಎಷ್ಟು? ಇದಕ್ಕೆ ದೊಡ್ಡ ಓದು ಬೇಡ, ಫೋನಿನ ಕ್ಯಾಲ್ಕುಲೇಟರ್ ಸಾಕು. 100 ಕೆ.ಜಿ. ಜೋಳದಲ್ಲಿ ತೇವಾಂಶ ಶೇ. 20 ಇದ್ದರೆ ನೀರು 20 ಕೆ.ಜಿ., ಒಣ ಭಾಗ 80 ಕೆ.ಜಿ. ಅದನ್ನು ಶೇ. 14ಕ್ಕೆ ಒಣಗಿಸಿದರೆ ಉಳಿಯುವ ತೂಕ 80 ಭಾಗಿಸು 0.86, ಅಂದರೆ 93 ಕೆ.ಜಿ. ನೀರಿನ ಲೆಕ್ಕಕ್ಕೆ ಹೋಗಬೇಕಾದದ್ದು 7 ಕೆ.ಜಿ. ಮಾತ್ರ. ಶೇ. 18 ಇದ್ದರೆ ಸುಮಾರು 4.7 ಕೆ.ಜಿ. ಹದಿನೆಂಟು ಇರುವ ಮಾಲನ್ನು ಮೀಟರ್ ಇಪ್ಪತ್ತು ಅಂತ ತೋರಿಸಿದರೆ ಕ್ವಿಂಟಲಿಗೆ ಎರಡು ಕೆ.ಜಿ. ಮೇಲೆ ಹೋಯಿತು. 50 ಕ್ವಿಂಟಲಿಗೆ ಒಂದು ಕ್ವಿಂಟಲಿಗಿಂತ ಹೆಚ್ಚು! ಇದನ್ನು ಯಾವ ಮಳೆಯೂ ಒಯ್ಯಲಿಲ್ಲ.

ತೂಕದಲ್ಲಿ ನೀರು ಕಳೆದ ಮೇಲೆ ಒಣಗಿಸುವ ಖರ್ಚು ಕೇಳಿದರೆ ಅದು ಮಾತುಕತೆಗೆ ಬಿಟ್ಟದ್ದು. ಆದರೆ ತೂಕದಲ್ಲೂ ಕಡಿದು, 'ಹಸಿ' ಅಂತ ದರದಲ್ಲೂ ಮನಸ್ಸಿಗೆ ಬಂದಷ್ಟು ಕಡಿಯುವುದಿದೆಯಲ್ಲ, ಅದು ಒಂದೇ ನೀರಿಗೆ ಎರಡು ಸಲ ವಸೂಲಿ.

ಸರ್ಕಾರದ ಬೆಂಬಲ ಬೆಲೆಯ ಕಥೆ ಬೇರೆ ಥರ. 2025-26ರಲ್ಲಿ ಗೋವಿನಜೋಳಕ್ಕೆ ಕ್ವಿಂಟಲಿಗೆ 2400 ರೂಪಾಯಿ ಘೋಷಣೆಯಾಯಿತು. ಅದೇ ನವೆಂಬರಿನಲ್ಲಿ ಪೇಟೆಯ ದರ ಅದರ ಹತ್ತಿರಕ್ಕೂ ಬರದೆ ಲಕ್ಷ್ಮೇಶ್ವರದಲ್ಲಿ ರೈತರು ಬೀದಿಗಿಳಿದರು. ಖರೀದಿ ಕೇಂದ್ರದ ನಿಯಮದಂತೆ ಜೋಳದ ತೇವಾಂಶ ಶೇ. 14 ದಾಟಬಾರದು, ಭತ್ತದ್ದು ಶೇ. 17. ಸೂರ್ಯನನ್ನೇ ನೋಡದ ವಾರದಲ್ಲಿ ಹದಿನಾಲ್ಕು ಎಲ್ಲಿಂದ ತರುವುದು? ತಾಡಪಾಲು ಹಾಸಿ ರಸ್ತೆಯಲ್ಲಿ ಒಣಗಿಸಿದರೆ ಅಪಘಾತ ಅನ್ನುತ್ತಾರೆ. ಒಣಗಿಸದಿದ್ದರೆ ಮಾಲು ತೆಗೆದುಕೊಳ್ಳುವುದಿಲ್ಲ ಅನ್ನುತ್ತಾರೆ.

ಕೆಲವರು ರೈತನಿಗೇ ಬುದ್ಧಿ ಹೇಳುತ್ತಾರೆ: "ಅವಸರದಲ್ಲಿ ಕಟಾವು ಮಾಡಿದರೆ ಹೀಗೇ." ಹಿಂದೆ ತೆನೆ ಮುರಿದು, ಗುಡ್ಡೆ ಹಾಕಿ, ಬಿಸಿಲಿಗೆ ಹರವಿ, ಕಣದಲ್ಲಿ ಒಣಗಿಸಿಯೇ ಕಾಳು ಬಿಡಿಸುತ್ತಿದ್ದರು, ನಿಜ. ಈಗ ಆಳಿಲ್ಲ, ಕಣವಿಲ್ಲ. ಮಷಿನ್ ಬಂದ ದಿನವೇ ಕಟಾವು, ಇಲ್ಲದಿದ್ದರೆ ಅದು ಮುಂದಿನ ಊರಿಗೆ ಹೋಗಿಬಿಡುತ್ತದೆ. ಹತ್ತು ದಿನದ ಕೆಲಸ ಒಂದು ತಾಸಿಗೆ ಬಂತು, ಒಣಗಿಸುವುದು ಮಾತ್ರ ಇನ್ನೂ ಬಿಸಿಲಿನ ಕೈಯಲ್ಲೇ ಉಳಿಯಿತು. ಇದು ರೈತನ ಸೋಮಾರಿತನವಲ್ಲ, ಅರ್ಧಕ್ಕೆ ನಿಂತ ಯಾಂತ್ರೀಕರಣ.

ಹಸಿ ಸುಗ್ಗಿ ನಮ್ಮೊಬ್ಬರ ಪಾಡಲ್ಲ. ಅಂಗಡಿಯಲ್ಲಿ ನಾವು ಕೊಳ್ಳುವ ಮಸೂರ್ ಬೇಳೆ, ಹಳದಿ ಬಟಾಣಿ ಎಷ್ಟೋ ಸಲ ಬರುವುದು ಕೆನಡಾದ ಪ್ರೇರಿ ಬಯಲಿನಿಂದ. ಸಸ್ಕಾಚೆವಾನ್, ಆಲ್ಬರ್ಟಾ, ಮ್ಯಾನಿಟೋಬಾ ಪ್ರಾಂತಗಳಿಂದ. 2019ರಲ್ಲಿ ಅಲ್ಲಿ ಕಟಾವಿಗೆ ಮಳೆ, ಮೇಲೆ ಹಿಮ. 'ನರಕದ ಸುಗ್ಗಿ' ಅಂತಲೇ ಅದಕ್ಕೆ ಹೆಸರು ಬಿತ್ತು. ಕಾಳು ಒಣಗಿಸುವ ಡ್ರೈಯರಿಗೆ ಪ್ರೊಪೇನ್ ಗ್ಯಾಸ್ ಬೇಕಾದ ಹೊತ್ತಿಗೇ, ನವೆಂಬರಿನಲ್ಲಿ, ರೈಲು ಮುಷ್ಕರವಾಗಿ ಗ್ಯಾಸಿಗೂ ತತ್ವಾರ. ಗ್ಯಾಸಿನ ಮೇಲಿನ ಕಾರ್ಬನ್ ತೆರಿಗೆ ಯಾಕೆ ಕಟ್ಟಬೇಕು ಅಂತ ಅಲ್ಲಿಯ ರೈತರೂ ವರ್ಷಗಟ್ಟಲೆ ಜಗಳವಾಡಿದರು. ಅದೇನೂ ಸ್ವರ್ಗವಲ್ಲ.

ಆದರೆ ಒಂದು ವಿಷಯದಲ್ಲಿ ಅವರು ನಮಗಿಂತ ಮುಂದಿದ್ದಾರೆ. ಅಲ್ಲಿ ಗೋಧಿಯ ತೇವಾಂಶ ಶೇ. 14.5ರವರೆಗೆ ಇದ್ದರೆ ಒಣ ಮಾಲು, 17ರವರೆಗೆ ಒಂದು ದರ್ಜೆ, ಅದರ ಮೇಲೆ ಇನ್ನೊಂದು ದರ್ಜೆ ಅಂತ ಬರೆದಿಟ್ಟಿದ್ದಾರೆ. ಲೈಸೆನ್ಸ್ ಇರುವ ಉಗ್ರಾಣದವನು ಹೇಳಿದ ದರ್ಜೆ, ಕಡಿತ, ತೇವಾಂಶ ರೈತನಿಗೆ ಒಪ್ಪಿಗೆಯಾಗದಿದ್ದರೆ ಮಾದರಿಯನ್ನು ಸರ್ಕಾರದ ಧಾನ್ಯ ಆಯೋಗಕ್ಕೆ ಕಳಿಸುವಂತೆ ಕೇಳಬಹುದು. ಆಯೋಗ ಹೇಳಿದ್ದು ಇಬ್ಬರಿಗೂ ಅಂತಿಮ. ಇದು ಯಾರೋ ದಯೆಯಿಂದ ಕೊಟ್ಟದ್ದಲ್ಲ. ಧಾನ್ಯ ಸಾಗಿಸಲು ರೈಲು ಡಬ್ಬಿಯನ್ನು ಸರದಿ ಪ್ರಕಾರ ಕೊಡುತ್ತಿಲ್ಲ ಅಂತ 1902ರಲ್ಲಿ ಸಿಂಟಲೂಟಾ ಎಂಬ ಸಣ್ಣ ಊರಿನ ರೈತರು ರೈಲ್ವೆ ಕಂಪನಿಯ ಏಜೆಂಟನನ್ನು ಕೋರ್ಟಿಗೆ ಎಳೆದು ಗೆದ್ದರು. ಅಂಥ ಸಂಘಟನೆಯ ಒತ್ತಡದ ಫಲವಾಗಿ 1912ರಲ್ಲಿ ಕೆನಡಾ ಧಾನ್ಯ ಕಾಯಿದೆ ಬಂತು. ಕೇಳದೆ ಅಲ್ಲೂ ಏನೂ ಸಿಗಲಿಲ್ಲ.

ಖರೀದಿದಾರರ ಮಾತಿನಲ್ಲಿ ಸತ್ಯವೇ ಇಲ್ಲ ಅಂತ ನಾವು ಹೇಳುತ್ತಿಲ್ಲ. ಹಸಿ ಕಾಳು ಚೀಲದಲ್ಲಿ ಬಿಸಿಯೇರುತ್ತದೆ, ಬೂಷ್ಟು ಹಿಡಿಯುತ್ತದೆ, ಅಫ್ಲಾಟಾಕ್ಸಿನ್ ವಿಷ ಹುಟ್ಟುತ್ತದೆ. ಕೋಳಿ ಆಹಾರಕ್ಕೆ ಅಂಥ ಮಾಲು ಆಗದು. ಆ ಅಪಾಯಕ್ಕೆ ಬೆಲೆ ಇದೆ, ಒಪ್ಪೋಣ. ಆ ಬೆಲೆಯನ್ನು ಒಬ್ಬನೇ ಬಾಯಿಮಾತಿನಲ್ಲಿ ಕಟ್ಟುವುದನ್ನು ಮಾತ್ರ ಒಪ್ಪಲಾರೆವು.

ನಾವು ಕೇಳುವುದು ನಾಲ್ಕೇ. ಒಂದು, ಪ್ರತಿ ಎಪಿಎಂಸಿಯಲ್ಲಿ ಸಮಿತಿಯದೇ ಮೀಟರ್ ಇರಲಿ, ತೂಕದ ಯಂತ್ರದಂತೆ ಅದಕ್ಕೂ ತಪಾಸಣೆ, ಮುದ್ರೆ ಇರಲಿ. ಎರಡು, ಎಷ್ಟು ತೇವಾಂಶಕ್ಕೆ ಎಷ್ಟು ಕೆ.ಜಿ. ಕಡಿತ ಅನ್ನುವ ಪಟ್ಟಿಯನ್ನು ಕನ್ನಡದಲ್ಲಿ ಗೋಡೆಯ ಮೇಲೆ ಬರೆಸಲಿ, ಮೀಟರ್ ತೋರಿಸಿದ್ದನ್ನು ಚೀಟಿಯಲ್ಲಿ ಕೊಡಲಿ. ಮೂರು, ಟ್ರ್ಯಾಕ್ಟರ್, ರೋಟಾವೇಟರ್ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಿಗೆ ಕಾಳು ಒಣಗಿಸುವ ಡ್ರೈಯರೂ ಬರಲಿ. ನಾಲ್ಕು, ಮಳೆ ಹಿಡಿದ ವರ್ಷ ಖರೀದಿ ಕೇಂದ್ರಗಳು ಹಸಿ ಮಾಲನ್ನು ವಾಪಸ್ ಕಳಿಸುವ ಬದಲು ಲೆಕ್ಕದ ಕಡಿತದೊಂದಿಗೆ ತೆಗೆದುಕೊಳ್ಳಲಿ.

ಅಲ್ಲಿಯತನಕ ನಿಮ್ಮ ಕೈಯಲ್ಲಿರುವುದು ಇಷ್ಟು. ಪೇಟೆಗೆ ಹೊರಡುವ ಮೊದಲು ಒಣಗಿದ ಗಾಜಿನ ಬಾಟಲಿಯಲ್ಲಿ ಒಂದಿಷ್ಟು ಕಾಳು, ಒಣ ಉಪ್ಪು ಹಾಕಿ ಚೆನ್ನಾಗಿ ಅಲ್ಲಾಡಿಸಿ, ಸ್ವಲ್ಪ ಹೊತ್ತು ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ ಸುಮಾರು ಶೇ. 15 ದಾಟಿದೆ ಅಂತ ಅರ್ಥ. ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆ ಅಕಾಲ ಮಳೆಗೆ ಹಾಳಾದರೆ, ನಿಮ್ಮ ಬೆಳೆಗೆ ಫಸಲ್ ಬಿಮಾದಲ್ಲಿ ಕಟಾವಿನ ನಂತರದ ರಕ್ಷಣೆ ಅಧಿಸೂಚನೆಯಾಗಿದ್ದರೆ, ಕೊಯ್ದ 14 ದಿನದವರೆಗೆ ಅದು ಅನ್ವಯಿಸುತ್ತದೆ. ನಷ್ಟವಾದ 72 ಗಂಟೆಯೊಳಗೆ 14447ಕ್ಕೆ ಫೋನ್ ಮಾಡಿ ತಿಳಿಸಬೇಕು, ಫೋಟೊ ತೆಗೆದಿಡಬೇಕು. ಮಾರುವಾಗ ಮೀಟರ್ ಎಷ್ಟು ತೋರಿಸಿತು, ಎಷ್ಟು ಕೆ.ಜಿ. ಹಿಡಿದರು, ಯಾವ ದರ ಕೊಟ್ಟರು, ಮೂರನ್ನೂ ಬರೆದಿಡಿ. ಒಬ್ಬನ ಚೀಟಿಗೆ ಯಾರೂ ಬೆಲೆ ಕೊಡುವುದಿಲ್ಲ. ಒಂದು ಊರಿನ ಐವತ್ತು ಚೀಟಿಗಳನ್ನು ಒಟ್ಟಿಗೆ ಎಪಿಎಂಸಿ ಕಾರ್ಯದರ್ಶಿಯ ಮೇಜಿನ ಮೇಲಿಟ್ಟರೆ ಅವರು ಉತ್ತರ ಹೇಳಲೇಬೇಕಾಗುತ್ತದೆ.