ಅಡಿಕೆಯ ಒಗರು, ಬಾಯಿಯ ಬಿಗಿತ

ನಮ್ಮ ದೇಹ ಅಸಂಖ್ಯ ಜೀವಕೋಶಗಳಿಂದಾದುದೆಂಬುದನ್ನು ಮಕ್ಕಳೂ ಬಲ್ಲರು. ಆದರೆ ಆ ಕೋಶಗಳ ನಡುವಣ ಎಡೆಯಲ್ಲಿ ಏನಿದೆಯೆಂದು ನಾವು ವಿಚಾರಿಸುವುದು ಕಡಿಮೆ. ಇಟ್ಟಿಗೆಗಳ ನಡುವೆ ಗಾರೆ ಇರುವಂತೆ ಅಲ್ಲಿ ನಾರಿನ ಎಳೆಗಳೂ, ನೀರನ್ನು ಹಿಡಿದಿಡುವ ಲೋಳೆಯಂತಹ ವಸ್ತುವೂ ಸೇರಿ ಒಂದು ಹಂದರವಾಗಿರುತ್ತದೆ. ಸಂಯೋಜಕ ಅಂಗಾಂಶಗಳಾದ ಸ್ನಾಯುರಜ್ಜು, ಮೃದ್ವಸ್ಥಿ, ಎಲುಬು, ಚರ್ಮದ ಒಳಪದರ ಇವುಗಳಲ್ಲಿ ಕೋಶಗಳಿಗಿಂತ ಈ ಹಂದರವೇ ಹೆಚ್ಚು. ಇದರ ಮುಖ್ಯ ಎಳೆ ಕೊಲಾಜೆನ್. ಮೂರು ಸರಗಳನ್ನು ಹುರಿಗೊಳಿಸಿದ ಹಗ್ಗದಂತಿರುವ ಅದರ ರಚನೆಯನ್ನು 1954ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಜಗತ್ತಿಗೆ ಸೂಚಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ರಾಮಚಂದ್ರನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದವರೆಂಬುದು ನಮಗೆ ಅಭಿಮಾನದ ಸಂಗತಿ.

ಈ ವಿಷಯವನ್ನು ನಾವು ಎತ್ತಿಕೊಳ್ಳಲು ಕಾರಣ ಅಡಿಕೆ. ನೇತ್ರಾವತಿ ತೀರದ ನರಿಕೊಂಬು ಮೊದಲಾಗಿ ಬಂಟ್ವಾಳ ಸೀಮೆಯಲ್ಲಿ ಅಡಿಕೆ ಬರಿಯ ಬೆಳೆಯಲ್ಲ, ಸಂಸಾರದ ಆಧಾರ. ಅದೇ ತಾಲ್ಲೂಕಿನ ವಿಟ್ಲದಲ್ಲಿ 1956ರಿಂದಲೂ ಅಡಿಕೆ ಸಂಶೋಧನೆ ನಡೆದಿದೆ. ತಾಂಬೂಲವಿಲ್ಲದೆ ನಮ್ಮ ಯಾವ ಮಂಗಲಕಾರ್ಯವೂ ಮುಗಿಯದು. ಬೆಳೆದವನನ್ನಾಗಲಿ ತಟ್ಟೆಯಲ್ಲಿಟ್ಟು ಗೌರವಿಸುವವರನ್ನಾಗಲಿ ನಾವು ಆಕ್ಷೇಪಿಸುತ್ತಿಲ್ಲ. ದಿನವಿಡೀ ದವಡೆಯಲ್ಲಿ ಅಡಿಕೆ ಇಟ್ಟುಕೊಳ್ಳುವವರ ಮಾತು ಬೇರೆ.

1952ರಲ್ಲಿ ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಕೆಲವು ಭಾರತೀಯ ಮಹಿಳೆಯರಲ್ಲಿ ಒಂದು ವ್ಯಾಧಿಯನ್ನು ವೈದ್ಯರು ಗುರುತಿಸಿದರು. ಕೆನ್ನೆಯ ಒಳಪದರ ಬಿಳಿಚಿ, ಗಡುಸಾಗಿ, ಬಾಯಿ ಕ್ರಮೇಣ ತೆರೆಯದಂತಾಗುತ್ತಿತ್ತು. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಇಂದು ಕರೆಯುವ ಇದರ ಮೂಲ ಅಡಿಕೆಯಲ್ಲಿದೆ. ಅದರಲ್ಲಿರುವ ಅರೆಕೊಲಿನ್ ಎಂಬ ಕ್ಷಾರ, ಕೊಲಾಜೆನ್ ನೇಯುವ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಕೆರಳಿಸುತ್ತದೆ. ಅಡಿಕೆಯ ತಾಮ್ರದ ಅಂಶ ಎಳೆಗಳನ್ನು ಒಂದಕ್ಕೊಂದು ಬಿಗಿಯುವ ಕಿಣ್ವಕ್ಕೆ ಬಲ ನೀಡುತ್ತದೆ. ನಾಲಗೆಗೆ ಒಗರೆನಿಸುವ ಟ್ಯಾನಿನ್ನು, ಹಳೆಯ ಎಳೆಗಳು ಸಹಜವಾಗಿ ಕರಗುವುದನ್ನು ತಡೆಯುತ್ತದೆ. ಮರದ ತೊಗಟೆಯ ಒಗರಿನಿಂದ ತೊಗಲನ್ನು ಹದಮಾಡುವುದೂ ಇದೇ ಗುಣದಿಂದ; ಜೀವಂತ ಕೆನ್ನೆಗೆ ಆ ಹದ ಬೇಕೆ? ಹೊಸ ನೇಯ್ಗೆ ಹೆಚ್ಚಿತು, ಹಳೆಯದು ಕರಗಲಿಲ್ಲ. ಮೃದುವಾಗಿದ್ದ ಪದರ ಪಟ್ಟಿಯಂತೆ ಬಿಗಿಯಿತು.

"ನಾನು ಹೊಗೆಸೊಪ್ಪು ಹಾಕುವುದಿಲ್ಲ, ಬರಿ ಅಡಿಕೆ" ಎಂಬ ಸಮಾಧಾನ ನಮ್ಮಲ್ಲಿ ಬಹಳ. ಈ ವ್ಯಾಧಿಗೆ ಹೊಗೆಸೊಪ್ಪು ಬೇಕಾಗಿಲ್ಲ. ಬಿಗಿದ ಬಾಯಿಯಲ್ಲಿ ಮುಂದೆ ಅರ್ಬುದ ತಲೆದೋರುವ ಸಂಭವವೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಅರ್ಬುದಕಾರಕವೆಂದು ನಿರ್ಣಯಿಸಿದುದು 2003ರಲ್ಲಿ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಹೊಗೆಸೊಪ್ಪಿಲ್ಲದ ಮಸಾಲೆಯ ಪೊಟ್ಟಣಗಳು ಯುವಕರ ಜೇಬಿನಲ್ಲಿವೆ. ಮನೆಯ ಹಿರಿಯರು ವೀಳ್ಯ ಮೆಲ್ಲುತ್ತಿದ್ದುದಕ್ಕಿಂತ ಇದು ಹೆಚ್ಚು ಕಳವಳಕಾರಿ ಎಂಬುದು ನಮ್ಮ ಅಭಿಪ್ರಾಯ.

ಖಾರದ ಸಾರು ತಗುಲಿದೊಡನೆ ಬಾಯಿ ಉರಿಯುವುದು ಇದರ ಮೊದಲ ಸೂಚನೆ. ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಬಹುದು. ಸಾಮಾನ್ಯವಾಗಿ ಮೂರು ಬೆರಳು ಹಿಡಿಯಬೇಕು. ಎರಡೇ ಹಿಡಿದರೆ ದಂತವೈದ್ಯರಲ್ಲಿ ಹೋಗಲು ತಡಮಾಡಬಾರದು. ಚುಚ್ಚುಮದ್ದು, ಬಾಯಿ ತೆರೆಯುವ ವ್ಯಾಯಾಮ, ತೀವ್ರವಾದಾಗ ಶಸ್ತ್ರಚಿಕಿತ್ಸೆ ಇವೆಲ್ಲ ಇವೆ. ಆದರೆ ಒಮ್ಮೆ ಬಿಗಿದುದು ಪೂರ್ತಿಯಾಗಿ ಮೊದಲಿನಂತಾಗುವುದು ವಿರಳ. ಅಡಿಕೆ ಬಿಡದವರಿಗೆ ಈ ಯಾವ ಚಿಕಿತ್ಸೆಯೂ ನಿಲ್ಲುವುದಿಲ್ಲ.