‘ಅಡ್ವಾನ್ಸ್ಡ್ ಒತ್ತು, ಪ್ರೊಸೀಡ್ ಒತ್ತು’ ಅಂತ ಹೇಳಿಕೊಡೋದನ್ನ ನಿಲ್ಲಿಸೋಣ

ಮೊದಲ ಸೆಮಿಸ್ಟರ್‌ನ ಮೊದಲ ಪಾಠ ನಮಗೆ ಕ್ಲಾಸಿನಲ್ಲಿ ಸಿಕ್ಕಿದ್ದಲ್ಲ. ಗೊಟ್ಟಿಗೆರೆಯ ಪಿಜಿಯಲ್ಲಿ ಸಾಮಾನು ಇಳಿಸಿ, ಕ್ಯಾಂಪಸ್ಸಿಗೆ ಬಂದು ವೈಫೈ ಆನ್ ಮಾಡಿದೆವು. ಲಾಗಿನ್ ಪೇಜ್ ಬರಬೇಕಾದ ಜಾಗದಲ್ಲಿ ಕೆಂಪು ತ್ರಿಕೋನ, ಅದರ ಕೆಳಗೆ ‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’. ಗಾಬರಿಯಾಗಿ ಪಕ್ಕದಲ್ಲಿದ್ದ ಸೀನಿಯರ್‌ನ ಕೇಳಿದ್ರೆ, “ಅಯ್ಯೋ, ಅದು ಯಾವಾಗ್ಲೂ ಹಂಗೇ ಬರತ್ತೆ ಕಣೋ. ಅಡ್ವಾನ್ಸ್ಡ್ ಒತ್ತು, ಪ್ರೊಸೀಡ್ ಒತ್ತು, ಅಷ್ಟೇ.” ಒತ್ತಿದೆವು, ನೆಟ್ ಬಂತು. ಮುಂದಿನ ವರ್ಷ ನಾವೇ ಸೀನಿಯರ್ ಆಗಿ ಅದೇ ಮಂತ್ರವನ್ನ ಜೂನಿಯರ್‌ಗಳಿಗೆ ದಾಟಿಸಿದೆವು.

ನೇರವಾಗಿ ಹೇಳಿಬಿಡ್ತೀವಿ: ಈ ಪಾಠ ತಪ್ಪು. ಹೇಳಿಕೊಟ್ಟವರಲ್ಲಿ ನಾವೂ ಇದ್ದೇವೆ, ಹಾಗಾಗಿ ತಪ್ಪಿನಲ್ಲಿ ನಮಗೂ ಪಾಲಿದೆ.

ಕಾಲೇಜಿನ ಗೇಟಿನಲ್ಲಿ ಐಡಿ ಕಾರ್ಡ್ ನೋಡೋದನ್ನ ನೆನಪಿಸಿಕೊಳ್ಳಿ. ಸೆಕ್ಯುರಿಟಿಯವರು ಮೂರು ವಿಷಯ ನೋಡಬಹುದು. ಕಾರ್ಡಿನಲ್ಲಿರೋ ಹೆಸರು, ಫೋಟೋ ಇವನದ್ದೇನಾ? ಅವಧಿ ಮುಗಿದಿದೆಯಾ? ಸಹಿ ಮಾಡಿರೋದು ಯಾರು? ಬ್ರೌಸರ್ ಕೂಡ ವೆಬ್‌ಸೈಟಿನ ಸರ್ಟಿಫಿಕೇಟ್ ಹಿಡಿದು ಮುಖ್ಯವಾಗಿ ಇದೇ ಮೂರು ಪ್ರಶ್ನೆ ಕೇಳುತ್ತೆ. ಉತ್ತರ ಸರಿಯಿಲ್ಲದಿದ್ದರೆ ಕೆಂಪು ಪೇಜ್ ತೋರಿಸುತ್ತೆ. ಯಾವ ಪ್ರಶ್ನೆಗೆ ಉತ್ತರ ತಪ್ಪಾಯ್ತು ಅಂತ ಆ ಪೇಜಿನಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ. ನಾವು ಅದನ್ನ ಓದಲ್ಲ, ಅಷ್ಟೇ.

‘ಡೇಟ್ ಇನ್‌ವ್ಯಾಲಿಡ್’ ಅಂತಿದ್ದರೆ ಮೊದಲು ನಿಮ್ಮ ಗಡಿಯಾರ ನೋಡಿ. ಲ್ಯಾಬಿನ ಹಳೇ ಕಂಪ್ಯೂಟರ್‌ಗಳ ಮದರ್‌ಬೋರ್ಡಿನಲ್ಲಿ ಕುಳಿತಿರೋ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಡುತ್ತೆ. ಆಗ ತೆರೆದ ಸೈಟೆಲ್ಲಾ ಕೆಂಪು. ದಿನಾಂಕ ಸರಿಮಾಡಿದರೆ ಮುಗೀತು. ಒಂದೇ ಸೈಟಿನಲ್ಲಿ ಹೀಗಾದರೆ ಅವರೇ ಸರ್ಟಿಫಿಕೇಟ್ ನವೀಕರಿಸೋದು ಮರೆತಿರಬಹುದು. ದೊಡ್ಡವರೂ ಮರೀತಾರೆ. 2020ರ ಫೆಬ್ರವರಿ 3ರಂದು ಮೈಕ್ರೋಸಾಫ್ಟ್ ಟೀಮ್ಸ್ ಕೆಲ ಗಂಟೆ ನಿಂತುಹೋಗಿದ್ದಕ್ಕೆ ಕಾರಣ ಅವಧಿ ಮುಗಿದ ಒಂದು ಸರ್ಟಿಫಿಕೇಟ್.

‘ಕಾಮನ್ ನೇಮ್ ಇನ್‌ವ್ಯಾಲಿಡ್’ ಅಂದರೆ ಹೆಸರು ಹೊಂದ್ತಿಲ್ಲ. ವೈಫೈಗೆ ಲಾಗಿನ್ ಆಗೋ ಮುಂಚೆ ನೀವು ಬೇರೆ ಯಾವುದೋ ಸೈಟ್ ತೆರೆಯೋಕೆ ಹೋಗ್ತೀರಿ, ನೆಟ್‌ವರ್ಕ್ ಅಡ್ಡ ಬಂದು ತನ್ನ ಕಾರ್ಡ್ ತೋರಿಸುತ್ತೆ. ಇವನು ಅವನಲ್ಲ ಅಂತ ಬ್ರೌಸರ್ ಹೇಳೋದು ಸರಿಯಾಗೇ ಇದೆ. ಇದಕ್ಕೆ ಪ್ರೊಸೀಡ್ ಒತ್ತಬೇಕಿಲ್ಲ. ‘ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್’ ಅನ್ನೋ ಸೈಟ್ ಬೇಕಂತಲೇ ಎನ್‌ಕ್ರಿಪ್ಷನ್ ಇಲ್ಲದೆ ಇಟ್ಟಿರೋದು ಇಂಥ ಸಂದರ್ಭಕ್ಕೆ. ಅದನ್ನ ತೆರೆದರೆ ಸಾಮಾನ್ಯವಾಗಿ ಲಾಗಿನ್ ಪೇಜ್ ತಾನಾಗಿ ಬರುತ್ತೆ.

‘ಅಥಾರಿಟಿ ಇನ್‌ವ್ಯಾಲಿಡ್’ ಅಂದರೆ ಸಹಿ ಮಾಡಿದವರು ಯಾರು ಅಂತ ಬ್ರೌಸರ್‌ಗೆ ಗೊತ್ತಿಲ್ಲ. ಸರ್ವರ್ ನಡುವಿನ ಸರ್ಟಿಫಿಕೇಟ್ ಕಳಿಸದೇ ಇರಬಹುದು, ಫೈರ್‌ವಾಲ್ ಮಧ್ಯೆ ಕೂತು ಎಲ್ಲಾ ಬಿಚ್ಚಿ ನೋಡ್ತಿರಬಹುದು, ಅಥವಾ ಸರ್ವರ್ ತನ್ನ ಕಾರ್ಡಿಗೆ ತಾನೇ ಸಹಿ ಹಾಕಿಕೊಂಡಿರಬಹುದು. ನಮ್ಮ ವೈಫೈ ಪೇಜ್ ಈ ಕೊನೇ ಜಾತಿಯದ್ದು. ನಮ್ಮ ತಕರಾರು ಇಲ್ಲಿಂದ ಶುರು.

ಹೀಗೆ ಯೋಚಿಸಿ. ಯಾರೋ ಒಬ್ಬ ಕ್ಯಾಂಟೀನಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಾಲೇಜಿನ ವೈಫೈ ಹೆಸರಿನಲ್ಲೇ ಹಾಟ್‌ಸ್ಪಾಟ್ ಹಾಕಿ, ಅದೇ ಥರದ ಲಾಗಿನ್ ಪೇಜ್ ಕೂರಿಸ್ತಾನೆ. ಅವನ ಸರ್ಟಿಫಿಕೇಟಿಗೂ ಅವನದ್ದೇ ಸಹಿ. ನಿಮಗೆ ಕಾಣೋದು ಅದೇ ಕೆಂಪು ತ್ರಿಕೋನ, ಅದೇ ಸಾಲು. ಅಸಲಿಯೂ ಕೆಂಪು, ನಕಲಿಯೂ ಕೆಂಪು ಅಂದಮೇಲೆ ಗುರುತಿಸೋದು ಹೇಗೆ? ನೀವು ಯುಎಸ್‌ಎನ್, ಪಾಸ್‌ವರ್ಡ್ ಹಾಕ್ತೀರಿ. ಅದೇ ಪಾಸ್‌ವರ್ಡ್ ನಿಮ್ಮ ಮೇಲ್‌ಗೂ ಇದ್ದರೆ ಅದೂ ಹೋಯ್ತು. ಬ್ರೌಸರ್ ಕಿವಿ ಹಿಂಡಿ ಹೇಳಿತ್ತು, ಕೇಳಬೇಡ ಅಂತ ನಿಮಗೆ ಹೇಳಿಕೊಟ್ಟವರು ನಾವು.

“ಇಷ್ಟಕ್ಕೆಲ್ಲಾ ಯಾರಪ್ಪ ತಲೆ ಕೆಡಿಸಿಕೊಳ್ತಾರೆ” ಅನ್ನೋರಿಗೆ ನಮ್ಮ ದೇಶದ್ದೇ ಒಂದು ಘಟನೆ. 2014ರ ಜುಲೈ 2ರಂದು ಗೂಗಲ್ ತನ್ನ ಹೆಸರಿನಲ್ಲಿ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಬಿದ್ದಿರೋದನ್ನ ಪತ್ತೆ ಮಾಡಿತು. ಅವುಗಳ ಮೇಲಿದ್ದ ಸಹಿ ನಮ್ಮ ಎನ್‌ಐಸಿ, ಅಂದರೆ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್‌ನದ್ದು. ಎನ್‌ಐಸಿಗೆ ಆ ಅಧಿಕಾರ ಕೊಟ್ಟಿದ್ದು ಭಾರತ ಸರ್ಕಾರದ ಕಂಟ್ರೋಲರ್ ಆಫ್ ಸರ್ಟಿಫೈಯಿಂಗ್ ಅಥಾರಿಟೀಸ್, ಚಿಕ್ಕದಾಗಿ ಸಿಸಿಎ. ಸಿಸಿಎ ಮೈಕ್ರೋಸಾಫ್ಟ್‌ನ ನಂಬಿಕೆಯ ಪಟ್ಟಿಯಲ್ಲಿತ್ತು, ಹಾಗಾಗಿ ವಿಂಡೋಸ್‌ನ ಎಷ್ಟೋ ಪ್ರೋಗ್ರಾಂಗಳು ಆ ಸುಳ್ಳು ಸರ್ಟಿಫಿಕೇಟನ್ನ ಕಣ್ಣುಮುಚ್ಚಿ ಒಪ್ಪುತ್ತಿದ್ದವು. ತನ್ನದೇ ಪಟ್ಟಿ ಇಟ್ಟುಕೊಂಡಿರೋ ಫೈರ್‌ಫಾಕ್ಸ್‌ಗೆ ಏನೂ ಆಗಲಿಲ್ಲ. ಮರುದಿನವೇ ಸಿಸಿಎ ಎನ್‌ಐಸಿಯ ಸರ್ಟಿಫಿಕೇಟ್‌ಗಳನ್ನ ರದ್ದು ಮಾಡಿತು. ತಪ್ಪಾಗಿ ಹೊರಬಿದ್ದಿದ್ದು ನಾಲ್ಕೇ, ಮೂರು ಗೂಗಲ್‌ನದ್ದು, ಒಂದು ಯಾಹೂನದ್ದು ಅಂತ ತಿಳಿಸಿತು. ಆ ನಾಲ್ಕರ ಹೊರಗಿನವೂ ನಮಗೆ ಸಿಕ್ಕಿವೆ ಅಂತ ಗೂಗಲ್ ಹೇಳಿತು. ಕೊನೆಗೆ ಕ್ರೋಮ್, ಸಿಸಿಎಯ ಸಹಿಯನ್ನ ಡಾಟ್ ಗವ್ ಡಾಟ್ ಇನ್, ಡಾಟ್ ಎಸಿ ಡಾಟ್ ಇನ್‌ನಂಥ ಕೆಲವೇ ವಿಳಾಸಗಳಿಗೆ ಸೀಮಿತ ಮಾಡಿತು.

ಇದರಲ್ಲಿ ನಾವು ಗಮನಿಸಬೇಕಾದ್ದು ಒಂದಿದೆ. ಅಲ್ಲಿ ಮಧ್ಯೆ ಕೂತು ಕದಿಯೋನಿಗೆ ವಾರ್ನಿಂಗ್ ಬಾರದಂತೆ ಮಾಡೋಕೆ ಒಂದು ದೇಶದ ಸರ್ಕಾರಿ ವ್ಯವಸ್ಥೆಯ ಸಹಿಯೇ ಬೇಕಾಯ್ತು. ನಮ್ಮ ಕ್ಯಾಂಪಸ್ಸಿನಲ್ಲಿ ಏನೂ ಬೇಡ. ವಾರ್ನಿಂಗ್ ಬಂದರೂ ನಾವೇ ಗೇಟು ತೆಗೆದು ಒಳಗೆ ಕರೀತೀವಿ.

“ಇವತ್ತೇ ಫೀಸ್ ಕಟ್ಟೋಕೆ ಕೊನೇ ದಿನ, ಪೇಜ್ ಕೆಂಪಾಗಿದೆ, ಏನ್ ಮಾಡ್ಲಿ?” ಇದು ನ್ಯಾಯವಾದ ಪ್ರಶ್ನೆ. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ವಾರ್ನಿಂಗ್ ಮಾಯವಾದರೆ ತೊಂದರೆ ಇದ್ದಿದ್ದು ವೈಫೈ ನೆಟ್‌ವರ್ಕಿನಲ್ಲಿ, ಡೇಟಾದಲ್ಲೇ ಕೆಲಸ ಮುಗಿಸಿ. ಅಲ್ಲೂ ಬಂದರೆ, ಗಡಿಯಾರವೂ ಸರಿಯಿದ್ದರೆ, ತೊಂದರೆ ಬಹುಶಃ ಸೈಟಿನದ್ದೇ. ಸ್ಕ್ರೀನ್‌ಶಾಟ್ ತೆಗೆದು, ಆ ಸಣ್ಣ ಅಕ್ಷರದ ಸಾಲಿನ ಸಮೇತ ಆಫೀಸಿಗೆ ಕಳಿಸಿ, ಫೋನ್ ಮಾಡಿ. ಪಾಸ್‌ವರ್ಡ್, ಓಟಿಪಿ, ಕಾರ್ಡ್ ನಂಬರ್ ಮಾತ್ರ ಆ ಪೇಜಿಗೆ ಹಾಕಬೇಡಿ. ‘ಈ ಫೈಲ್ ಇನ್‌ಸ್ಟಾಲ್ ಮಾಡಿದ್ರೆ ವಾರ್ನಿಂಗ್ ಬರಲ್ಲ’ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಬರೋ ಸರ್ಟಿಫಿಕೇಟ್ ಫೈಲನ್ನಂತೂ ಮುಟ್ಟಲೇಬೇಡಿ. ಅದು ರೂಟ್ ಸರ್ಟಿಫಿಕೇಟ್ ಆಗಿದ್ದರೆ, ಅದರ ಕೀ ಇಟ್ಟುಕೊಂಡವನು ಯಾವ ಸೈಟಿನ ವೇಷ ಹಾಕಿ ಬಂದರೂ ನಿಮ್ಮ ಬ್ರೌಸರ್ ಸಲಾಮು ಹೊಡೆಯುತ್ತೆ. ಜಿಮೇಲ್‌ನಂಥ ಸೈಟುಗಳಲ್ಲಿ ವಾರ್ನಿಂಗ್ ಬಂದಾಗ ಪ್ರೊಸೀಡ್ ಬಟನ್ನೇ ಇರಲ್ಲ, ಗಮನಿಸಿದ್ದೀರಾ? ಬಳಸುವವರು ಒತ್ತೇ ಒತ್ತುತ್ತಾರೆ ಅಂತ ಗೊತ್ತಿದ್ದೇ ಅದನ್ನ ತೆಗೆದಿದ್ದಾರೆ.

ಆದರೆ ಎಲ್ಲಾ ಭಾರವನ್ನೂ ವಿದ್ಯಾರ್ಥಿ ಮೇಲೆ ಹಾಕೋದು ಸರಿಯಲ್ಲ. ಸರಿಮಾಡಬೇಕಾದ್ದು ಸರ್ವರ್ ಇಟ್ಟವರು. ದುಡ್ಡಿನ ನೆಪವೂ ಇಲ್ಲ: ಲೆಟ್ಸ್ ಎನ್‌ಕ್ರಿಪ್ಟ್ 2015ರ ಡಿಸೆಂಬರ್‌ನಿಂದ ಎಲ್ಲರಿಗೂ ಪುಕ್ಕಟೆ ಸರ್ಟಿಫಿಕೇಟ್ ಕೊಡ್ತಿದೆ. ಕ್ಯಾಂಪಸ್ ಒಳಗಷ್ಟೇ ಕಾಣೋ ಸರ್ವರ್ ಆದರೂ, ಕಾಲೇಜಿನ ಡೊಮೇನಿನಡಿ ಒಂದು ಹೆಸರಿಟ್ಟು, ಡಿಎನ್‌ಎಸ್‌ನಲ್ಲಿ ಒಂದು ದಾಖಲೆ ಹಾಕಿ ಪಡೀಬಹುದು. ‘ವರ್ಷಕ್ಕೊಮ್ಮೆ ನೆನಪಿಟ್ಟು ಬದಲಾಯಿಸ್ತೀವಿ’ ಅನ್ನೋ ಕಾಲವೂ ಮುಗೀತಾ ಬಂತು. ಸಾರ್ವಜನಿಕ ಸರ್ಟಿಫಿಕೇಟಿನ ಗರಿಷ್ಠ ಅವಧಿ 398 ದಿನದಿಂದ 2026ರ ಮಾರ್ಚ್ 15ಕ್ಕೆ 200 ದಿನ, 2027ರಲ್ಲಿ 100, 2029ರಲ್ಲಿ 47 ದಿನಕ್ಕೆ ಇಳಿಯೋದು 2025ರಲ್ಲೇ ತೀರ್ಮಾನವಾಗಿದೆ. ಇನ್ನು ತಾನಾಗಿ ನವೀಕರಣವಾಗೋ ಸ್ಕ್ರಿಪ್ಟ್ ಬೇಕೇ ಬೇಕು. ಅದನ್ನ ಬರೆಯೋಕೆ ಹೊರಗಿನವರೇ ಬರಬೇಕಾ? ನೆಟ್‌ವರ್ಕ್ಸ್ ಓದಿರೋ ಮೂರನೇ ವರ್ಷದ ಇಬ್ಬರು ಕೂತರೆ, ಒಬ್ಬರು ಮೇಷ್ಟ್ರ ಮೇಲ್ವಿಚಾರಣೆಯಲ್ಲಿ, ಮಿನಿ ಪ್ರಾಜೆಕ್ಟ್ ಆಗಿ ಮುಗಿಸಬಹುದು.

ನಮ್ಮ ಬೇಡಿಕೆ ಎರಡೇ. ಮುಂದಿನ ಬ್ಯಾಚ್ ಬರೋ ಮುಂಚೆ ವೈಫೈ ಲಾಗಿನ್ ಪೇಜಿಗೆ ಸರಿಯಾದ ಸರ್ಟಿಫಿಕೇಟ್ ಹಾಕಿ. ಅಲ್ಲಿಯವರೆಗೆ ಈಗಿನ ಸರ್ಟಿಫಿಕೇಟಿನ ಫಿಂಗರ್‌ಪ್ರಿಂಟನ್ನ ಮುದ್ರಿಸಿ ಲೈಬ್ರರಿ ನೋಟಿಸ್ ಬೋರ್ಡಿನಲ್ಲಿ ಅಂಟಿಸಿ. ಬ್ರೌಸರ್ ತೋರಿಸೋದರ ಜೊತೆ ತಾಳೆ ನೋಡಿಕೊಂಡು ಲಾಗಿನ್ ಆಗ್ತೀವಿ. ಈ ಎರಡನ್ನೂ ಬರೆದ ಪತ್ರ ನಮ್ಮ ಸಂಘದ ರೂಮಿನ ಮೇಜಿನ ಮೇಲಿದೆ, ಬಂದು ಸಹಿ ಹಾಕಿ.

ನಾಳೆ ನಮ್ಮಲ್ಲಿ ಎಷ್ಟೋ ಜನ ಬ್ಯಾಂಕಿನದ್ದೋ ಆಸ್ಪತ್ರೆಯದ್ದೋ ಸರ್ವರ್ ನೋಡಿಕೊಳ್ಳೋರು. ಅಲ್ಲಿ ಕೆಂಪು ಪೇಜ್ ಬಂದು, ಯಾರೋ ವಯಸ್ಸಾದವರು “ಏನಪ್ಪಾ ಇದು?” ಅಂತ ಕೇಳಿದರೆ, ‘ಪ್ರೊಸೀಡ್ ಒತ್ತಿ ಅಂಕಲ್’ ಅನ್ನೋ ಉತ್ತರ ನಮ್ಮ ಬಾಯಲ್ಲಿ ಬರಬಾರದು.